ಎಡನೀರು ಮಠದ ನಿಜವಾದ ಭಂಡಾರ



ಮಠದ ಸಂಪತ್ತು ಎಂದೊಡನೆ ಜನರ ಕಣ್ಣು ಬೆಳ್ಳಿ ಬಂಗಾರದ ಕಡೆಗೆ, ಹೊಲಗದ್ದೆಗಳ ಕಡೆಗೆ ಹೊರಳುತ್ತದೆ. ಕಾಸರಗೋಡಿನ ಎಡನೀರು ಮಠವನ್ನು ಈ ಅಳತೆಗೋಲಿನಿಂದ ಅಳೆಯಲಾಗದು ಎಂಬುದೇ ನಮ್ಮ ಅಭಿಪ್ರಾಯ.

ಕಾಸರಗೋಡು ಪಟ್ಟಣದಿಂದ ಚೆರ್ಕಳವನ್ನು ದಾಟಿ ಮುಂದೆ ಹೋದರೆ ಮಧುವಾಹಿನಿ ಹೊಳೆಯ ಬದಿಯಲ್ಲಿ ಈ ಮಠವಿದೆ. ಶಂಕರಾಚಾರ್ಯರ ಶಿಷ್ಯರಾದ ತೋಟಕಾಚಾರ್ಯರ ಪರಂಪರೆಗೆ ಸೇರಿದುದೆಂದು ಇದರ ಪ್ರತೀತಿ. ಇಲ್ಲಿಯ ಆರಾಧ್ಯ ಮೂರ್ತಿಗಳು ದಕ್ಷಿಣಾಮೂರ್ತಿ ಮತ್ತು ಗೋಪಾಲಕೃಷ್ಣ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡನ್ನು ಬೇರ್ಪಡಿಸಿ ಕೇರಳಕ್ಕೆ ಸೇರಿಸಲಾಯಿತು. ಆಡಳಿತದ ಭಾಷೆ ಬೇರೆಯಾಯಿತು. ಮಠದ ನುಡಿ ಕನ್ನಡವಾಗಿಯೇ ಉಳಿಯಿತು.

ಎಳೆಯ ಪ್ರಾಯದಲ್ಲಿ ಪೀಠವೇರಿದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು 68 ದಿನ ವಾದವನ್ನು ಆಲಿಸಿದರು. 1973ರ ಏಪ್ರಿಲ್ 24ರಂದು ಬಂದ ತೀರ್ಪು 7-6ರ ಬಹುಮತದ್ದು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು. ಮಠವು ಬಯಸಿದ ಪರಿಹಾರ ಅದಕ್ಕೆ ದೊರೆಯಲಿಲ್ಲ. ಉಳುವವನಿಗೆ ಭೂಮಿ ಸಲ್ಲಬೇಕೆಂಬ ಮಾತಿಗೆ ನಮ್ಮ ವಿರೋಧವೂ ಇಲ್ಲ. ಆದರೆ ಪ್ರಜೆಯ ಹಕ್ಕಿಗೆ ದೊರೆತ ಆ ರಕ್ಷೆ ಗಡಿನಾಡಿನ ಒಂದು ಕನ್ನಡ ಮಠದ ಹೆಸರಿನಲ್ಲಿದೆ ಎಂಬುದನ್ನು ನಾವು ಮರೆಯಬಹುದೆ?

ಭೂಮಿ ಹೋದ ಮೇಲೆಯೂ ಮಠ ಬಡವಾಗಲಿಲ್ಲ. ಸ್ವಾಮಿಗಳು ಸ್ವತಃ ಸಂಗೀತಜ್ಞರು. ಯಕ್ಷಗಾನದ ಭಾಗವತರಾಗಿ ಹಾಡಿದವರು. ಮಠದ ಆಶ್ರಯದಲ್ಲಿ ಯಕ್ಷಗಾನ ಮೇಳ ನಡೆಯಿತು, ಶಾಲೆ ಬೆಳೆಯಿತು. 2020ರ ಸೆಪ್ಟೆಂಬರ್ 6ರಂದು ಅವರು ಕಾಲವಾದಾಗ ಪತ್ರಿಕೆಗಳು ಮೊಕದ್ದಮೆಯನ್ನೇ ಮುಖ್ಯವಾಗಿ ನೆನೆದವು. ನಮ್ಮ ಹಳ್ಳಿಗಳು ನೆನೆಯಬೇಕಾದುದು ಆ ಚೆಂಡೆಯ ದನಿಯನ್ನು, ಆ ಶಾಲೆಯ ಕರಿಹಲಗೆಯನ್ನು.

ಮಠವೆಂಬುದು ಒಂದು ಸಮುದಾಯದ ಸೊತ್ತು, ಉಳಿದವರಿಗೇನು ಎನ್ನುವವರುಂಟು. ಪೂಜೆಯ ಮಟ್ಟಿಗೆ ಆ ಮಾತು ಸಲ್ಲಬಹುದು. ಆದರೆ ರಾತ್ರಿಯಿಡೀ ನಡೆಯುವ ಆಟದ ಮುಂದೆ ಕುಳಿತವರ ಕುಲವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಮಲಯಾಳ, ತುಳು, ಕೊಂಕಣಿ, ಮರಾಠಿ ಮನೆಮಾತಿನವರೂ ಕನ್ನಡದ ಅರ್ಥಗಾರಿಕೆಯನ್ನು ಕೇಳಿ ತಲೆದೂಗುತ್ತಾರೆ. ಯಾರ ಮೇಲೂ ಹೇರದೆ ನುಡಿಯೊಂದು ಎಲ್ಲರದಾಗುವ ಬಗೆ ಇದು.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರಿ. ಮಕ್ಕಳಿಲ್ಲದ ತರಗತಿಯನ್ನು ಯಾವ ಕಾನೂನೂ ಉಳಿಸಲಾರದು. ಅಟ್ಟದ ಮೇಲಿನ ಓಲೆಗರಿ, ಪ್ರಸಂಗದ ಹಳೆಯ ಪ್ರತಿಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಿರಿ. ಊರಿನಲ್ಲಿ ಆಟವಾದಾಗ ಮನೆಯ ಎಳೆಯರನ್ನೂ ಕರೆದೊಯ್ಯಿರಿ. ಬಂಗಾರವನ್ನು ಬೀಗ ಕಾಯುತ್ತದೆ. ಈ ಭಂಡಾರವನ್ನು ಬಳಸಿಯೇ ಕಾಯಬೇಕು.