ಪುನರಾವರ್ತನೆಯು ಪಾಠದಿಂದಲೇ ಮೊದಲಾಗಲಿ

ಪರೀಕ್ಷೆ ಸಮೀಪಿಸಿತೆಂದರೆ ಪ್ರಾಥಮಿಕ ಶಾಲೆಯ ಮಕ್ಕಳಿರುವ ಮನೆಗಳಲ್ಲಿ ಕನ್ನಡ ಪಠ್ಯಪುಸ್ತಕವು ಚೀಲದೊಳಗೇ ಉಳಿದು, ಗೈಡು ನೋಟ್ಸುಗಳು ಹೊರಬರುತ್ತವೆ. ಪದಗಳ ಅರ್ಥ, ವಿರುದ್ಧ ಪದ, ಬಿಟ್ಟ ಸ್ಥಳ, ಸಂಧಿ ಬಿಡಿಸುವಿಕೆ ಎಂದು ಪಾಠದ ಅಂಗಾಂಗಗಳನ್ನು ಬೇರ್ಪಡಿಸಿ ಬಾಯಿಪಾಠ ಮಾಡಿಸುವ ಈ ಕ್ರಮವು ತಾಯಿತಂದೆಯರ ಕಾಳಜಿಯಿಂದಲೇ ಹುಟ್ಟಿದುದಾದರೂ, ಭಾಷೆಯ ಪರೀಕ್ಷೆಗೆ ಮಗುವನ್ನು ಸಿದ್ಧಗೊಳಿಸುವ ಮಾರ್ಗ ಇದಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಪುನರಾವರ್ತನೆಯು ಪಾಠವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಸುವುದರಿಂದ ಮೊದಲಾಗಬೇಕು. ಶಬ್ದವೂ ವ್ಯಾಕರಣವೂ ಆ ಓದಿನೊಳಗಿನಿಂದಲೇ ಎದ್ದು ಬರಬೇಕು.

ಕನ್ನಡದ ಮಟ್ಟಿಗೆ ಇದಕ್ಕೊಂದು ವಿಶೇಷ ಕಾರಣವುಂಟು. ನಮ್ಮ ಬರಹದಲ್ಲಿ ಪದಗಳು ಒಂದರೊಡನೊಂದು ಬೆಸೆದುಕೊಂಡು ಬರುವುದರಿಂದ, ಬಿಡಿ ಪದಗಳನ್ನು ನಿರಾಯಾಸವಾಗಿ ಓದಬಲ್ಲ ಮಗುವೂ ‘ಊರಿನಲ್ಲಿದ್ದುದನ್ನೆಲ್ಲ’ ಎಂಬಂಥ ರೂಪದೆದುರು ತಡವರಿಸಿ, ಅರ್ಧಕ್ಕೆ ನಿಂತು, ಉಳಿದುದನ್ನು ಊಹೆಯಿಂದ ಪೂರೈಸುತ್ತದೆ. ಓದು ನಿಂತ ಆ ಸ್ಥಳವೇ ವ್ಯಾಕರಣವನ್ನು ಬೋಧಿಸಲು ತಕ್ಕ ಸ್ಥಳ. ‘ಊರಿನಲ್ಲಿ, ಇದ್ದುದನ್ನು, ಎಲ್ಲ’ ಎಂದು ಬಿಡಿಸಿ ನುಡಿಸಿ, ಮತ್ತೆ ಕೂಡಿಸಿ ನುಡಿಸಿದರೆ, ಎರಡು ಕಡೆಯೂ ಪೂರ್ವಪದದ ಕೊನೆಯ ಸ್ವರವು ಇಲ್ಲದಂತಾದುದನ್ನು ಮಗು ತನ್ನ ಕಿವಿಯಿಂದಲೇ ಅರಿಯುತ್ತದೆ. ಲೋಪಸಂಧಿಯೆಂಬ ಹೆಸರನ್ನು ಆಮೇಲೆ ಹೇಳಿದರೂ ಸಾಕು. ‘ಮಳೆಗಾಲ’ದಲ್ಲಿ ಕಕಾರವು ಗಕಾರವಾದುದೂ, ‘ಮನೆಯನ್ನು’ ಎಂಬಲ್ಲಿ ಯಕಾರವು ನಡುವೆ ಬಂದು ನಿಂತುದೂ ಹೀಗೆಯೇ ವೇದ್ಯವಾಗುವುವು.

‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ಏಳು ವಿಭಕ್ತಿ ಪ್ರತ್ಯಯಗಳನ್ನು ಒಂದೇ ಉಸಿರಿಗೆ ಒಪ್ಪಿಸುವ ಮಗುವಿಗೆ ‘ಹುಡುಗನು ನಾಯಿಯನ್ನು ಓಡಿಸಿದನು’ ಎಂಬ ವಾಕ್ಯವನ್ನು ಕೊಟ್ಟು, ಪದಗಳ ಸ್ಥಾನವನ್ನು ಕದಲಿಸದೆ ನಾಯಿಯೇ ಹುಡುಗನನ್ನು ಓಡಿಸುವಂತೆ ಬರೆಯೆಂದು ಕೇಳಬೇಕು. ‘ಹುಡುಗನನ್ನು ನಾಯಿಯು ಓಡಿಸಿತು’ ಎಂದು ತಿದ್ದುವಾಗ, ಪ್ರತ್ಯಯಗಳು ಬದಲಾದೊಡನೆ ಕರ್ತೃಕರ್ಮಗಳು ಅದಲುಬದಲಾಗುವುದನ್ನೂ, ಕರ್ತೃವನ್ನು ಅನುಸರಿಸಿ ಕ್ರಿಯಾಪದವು ಬೇರೆ ರೂಪ ತಾಳುವುದನ್ನೂ ಮಗು ನಗುತ್ತಲೇ ಗ್ರಹಿಸುತ್ತದೆ. ೧೩ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ತನ್ನ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನೇ ಆಧಾರವಾಗಿ ಕೊಟ್ಟನು. ಅಂಥ ವೈಯಾಕರಣನೇ ಪ್ರಯೋಗವನ್ನು ಮುಂದಿಟ್ಟುಕೊಂಡು ನಡೆದಿರಲು, ಎಳೆಯ ಮಕ್ಕಳಿಗೆ ಪ್ರಯೋಗವನ್ನು ಮರೆಮಾಡಿ ಸೂತ್ರವನ್ನು ಮಾತ್ರ ಒಪ್ಪಿಸೆನ್ನುವುದು ಯಾವ ನ್ಯಾಯ?

ಶಬ್ದಾರ್ಥದ ಪಾಡೂ ಇದೇ. ‘ಕರ ಎಂದರೆ ಕೈ’ ಎಂದು ಪಟ್ಟಿಯಿಂದ ಕಂಠಸ್ಥ ಮಾಡಿಕೊಂಡ ಮಗು, ಅರಸನು ಪ್ರಜೆಗಳ ಮೇಲೆ ಕರ ಹೇರಿದನೆಂದು ಓದಿದಾಗ ದಿಕ್ಕುಗೆಡುತ್ತದೆ. ಪದವನ್ನು ಅದಿರುವ ವಾಕ್ಯದೊಡನೆಯೇ ಓದಿಸಿ, ಅರ್ಥವನ್ನು ಮೊದಲು ಮಗುವೇ ಊಹಿಸಿ ಹೇಳಲೆಂದು ತುಸು ಕಾಯುವ ತಾಳ್ಮೆ ಹಿರಿಯರಿಗಿರಬೇಕು.

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಮಕ್ಕಳಿಗೂ, ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ತರುವಾಯ ಆಂಗ್ಲ ಮಾಧ್ಯಮದಲ್ಲಿದ್ದು ಕನ್ನಡವನ್ನು ಕಡ್ಡಾಯವಾಗಿ ಕಲಿಯುತ್ತಿರುವ ಮಕ್ಕಳಿಗೂ ಗ್ರಂಥಸ್ಥ ಕನ್ನಡವು ಕಿವಿಗೆ ಬೀಳುವ ಅವಕಾಶವೇ ವಿರಳ. ಇಂಥವರಿಗೆ ಹಿರಿಯರು ಮೊದಲು ತಾವು ಓದಿ ಕೇಳಿಸಿ, ಅನಂತರ ಅವರಿಂದ ಓದಿಸುವುದು ಲೇಸು. ಮನೆಯಲ್ಲಿ ಓದುಬರಹ ಬಲ್ಲವರಿಲ್ಲವೆಂದು ಸಂಕೋಚಪಡುವ ತಾಯಂದಿರಿಗೂ ಒಂದು ಮಾತು: ಮಗು ಓದುವ ಕತೆಯನ್ನು ಕೇಳುತ್ತ, ‘ಆಮೇಲೇನಾಯ್ತು, ಅವನು ಯಾಕೆ ಹಾಗೆ ಮಾಡಿದ?’ ಎಂದು ಪ್ರಶ್ನಿಸಲು ಅಕ್ಷರಜ್ಞಾನ ಬೇಕಿಲ್ಲ.

ಆದರೆ ಗೈಡಿನ ಪ್ರಶ್ನೆಗಳೇ ಪರೀಕ್ಷೆಯಲ್ಲಿ ಯಥಾವತ್ತಾಗಿ ಬರುತ್ತಿರುವವರೆಗೆ ಪೋಷಕರನ್ನು ದೂಷಿಸಿ ಫಲವಿಲ್ಲ. ಪ್ರಶ್ನಪತ್ರಿಕೆಯನ್ನು ರಚಿಸುವ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಪುಸ್ತಕದಲ್ಲಿಲ್ಲದ, ಮಗುವಿನ ಅಳವಿಗೆ ನಿಲುಕುವ ಒಂದು ಗದ್ಯಭಾಗವನ್ನು ಕೊಟ್ಟು, ಅರ್ಥವನ್ನೂ ಸಂಧಿಯನ್ನೂ ವಿಭಕ್ತಿಯನ್ನೂ ಅದರಿಂದಲೇ ಕೇಳಲಿ, ಪರೀಕ್ಷೆಗೆ ಮೊದಲಿನ ವಾರಗಳಲ್ಲಿ ಅಂಥ ಗದ್ಯಭಾಗಗಳನ್ನು ತರಗತಿಯಲ್ಲಿ ದಿನಕ್ಕೊಂದರಂತೆ ಓದಿಸಲಿ.