ಅಂಕಿಯೂ ಹೊಣೆಯೂ

ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡುಗಳ ಇದ್ದಿಲನ್ನೂ ನೆಚ್ಚಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಆ ಕಾರ್ಖಾನೆ ಮುಂದೆ ವಿಶೇಷ ಉಕ್ಕಿಗೆ ಹೆಸರಾಯಿತು. ಉಕ್ಕಿನ ಉದ್ಯಮದಲ್ಲಿ ಒಂದು ಶಿಸ್ತುಂಟು. ಕುಲುಮೆಯಲ್ಲಿ ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆಲ್ಲ ಒಂದು ‘ಹೀಟ್ ನಂಬರ್’ ಕೊಡುತ್ತಾರೆ. ಅದರಲ್ಲಿ ಇಂಗಾಲವೆಷ್ಟು, ಮ್ಯಾಂಗನೀಸ್ ಎಷ್ಟು ಎಂಬುದನ್ನು ಪರೀಕ್ಷಿಸಿ, ಆ ಸಂಖ್ಯೆಯೊಡನೆ ಬರೆದಿಡುತ್ತಾರೆ. ಆ ಉಕ್ಕಿನಿಂದ ಮಾಡಿದ ಯಂತ್ರದ ಭಾಗವೊಂದು ಮುರಿದರೆ, ಅಂಕಿಯ ಜಾಡು ಹಿಡಿದು ಕುಲುಮೆಯವರೆಗೂ ಹೋಗಬಹುದು. ಅಲ್ಲಿ ಅಂಕಿಯೆಂಬುದು ಬರಿಯ ಎಣಿಕೆಯಲ್ಲ. ಮಾಡಿದವನು ಬಳಸುವವನಿಗೆ ಕೊಟ್ಟ ಮಾತು.

ಕಂಪ್ಯೂಟರಿನ ತಂತ್ರಾಂಶಕ್ಕೂ ಇದೇ ಶಿಸ್ತು ಅಗತ್ಯ. ಭದ್ರಾವತಿಗೆ ಸಮೀಪದ ಶಿವಮೊಗ್ಗ ನಗರದಲ್ಲಿ ಜವಾಹರಲಾಲ್ ನೆಹರೂ ಹೆಸರಿನ ಇಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. ಅಂತಹ ಕಾಲೇಜಿನ ವಿದ್ಯಾರ್ಥಿಯಾಗಲಿ, ಪರದೇಶದ ಪರಿಣತನಾಗಲಿ ತಂತ್ರಾಂಶವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಬರೆಯುವುದಿಲ್ಲ. ‘ಲೈಬ್ರರಿ’ಗಳೆಂಬ ಸಿದ್ಧ ಭಾಗಗಳನ್ನು ತಂದು ಜೋಡಿಸುತ್ತಾನೆ. ಪ್ರತಿಯೊಂದು ಲೈಬ್ರರಿಯ ಆವೃತ್ತಿಗೂ ಒಂದು ಸಂಖ್ಯೆಯಿರುತ್ತದೆ. ಅದು 2.4.1 ಎಂದಿಟ್ಟುಕೊಳ್ಳೋಣ. ಸಣ್ಣ ದೋಷವನ್ನು ತಿದ್ದಿದರೆ ಅದು 2.4.2 ಆಗುತ್ತದೆ. ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದರೆ 2.5.0. ಹಳೆಯ ಬಳಕೆಗೇ ಭಂಗ ಬರುವುದಾದರೆ 3.0.0. ಹಲವರು ಒಪ್ಪಿ ನಡೆಯುವ ಪದ್ಧತಿಯಿದು.

ಕೈಯಿಂದಲೇ ಸಂಖ್ಯೆ ಕೊಟ್ಟು ಕಟ್ಟು ಕಟ್ಟುವಾಗ ಮನುಷ್ಯನು ಒಂದು ಕಡತವನ್ನು ಮರೆಯಬಹುದು, ಅಥವಾ ತಪ್ಪು ಅಂಕಿಯನ್ನು ಹಾಕಬಹುದು. ಆದುದರಿಂದ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದೇ ಲೇಸು. ಅದು ಬದಲಾವಣೆಗಳ ಟಿಪ್ಪಣಿಯನ್ನು ಓದಿ, ಪರೀಕ್ಷೆಗಳನ್ನು ನಡೆಸಿ, ಸಂಖ್ಯೆಯನ್ನಿತ್ತು, ಕಟ್ಟನ್ನು ಸಿದ್ಧಪಡಿಸುತ್ತದೆ. ದಣಿವೂ ಇಲ್ಲ, ಮರೆವೂ ಇಲ್ಲ.

2024ರ ಮಾರ್ಚ್ ತಿಂಗಳ ಒಂದು ಘಟನೆ ಇದಕ್ಕೆ ನಿದರ್ಶನ. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದು ಅಡಗಿತ್ತು. ಎಲ್ಲರಿಗೂ ಕಾಣುವಂತಿದ್ದ ಮೂಲದಲ್ಲಿ ಇಲ್ಲದ ಸಾಲುಗಳು ಹಂಚಿದ ಕಟ್ಟಿನಲ್ಲಿ ಸೇರಿದ್ದವು. ಎಲ್ಲರ ಕಣ್ಣೆದುರಿನ ಮೂಲದಿಂದಲೇ ಯಂತ್ರವು ಕಟ್ಟನ್ನು ಸಿದ್ಧಪಡಿಸುವ ನಿಯಮವಿದ್ದಿದ್ದರೆ ಇಂತಹ ಮೋಸ ಇಷ್ಟು ಸುಲಭವಾಗುತ್ತಿರಲಿಲ್ಲ. ಆದರೆ ಅದನ್ನು ಪತ್ತೆಹಚ್ಚಿದುದು ಯಂತ್ರವಲ್ಲ. ದೂರದ ಕಂಪ್ಯೂಟರನ್ನು ಪ್ರವೇಶಿಸಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್.

ಯಂತ್ರವು ಕೊಡುವ ಸಂಖ್ಯೆ ಮನುಷ್ಯನು ಬರೆದ ಟಿಪ್ಪಣಿಯನ್ನು ಅವಲಂಬಿಸಿದೆ. ದೊಡ್ಡ ಬದಲಾವಣೆಯನ್ನು ಸಣ್ಣದೆಂದು ಅವನು ಬರೆದರೆ, ಯಂತ್ರವು ಆ ಸುಳ್ಳನ್ನೇ ಅಚ್ಚುಕಟ್ಟಾಗಿ ಕಟ್ಟಿ ಲೋಕಕ್ಕೆಲ್ಲ ಹಂಚುತ್ತದೆ. ಉಕ್ಕಿನ ಪರೀಕ್ಷೆಯನ್ನು ಮಾಡದೆಯೇ ಅಂಕಿಯನ್ನು ಒತ್ತಿದರೆ ಆ ಅಂಕಿಗೆ ಬೆಲೆಯೇನು? ಎಣಿಸುವ ದುಡಿಮೆಯನ್ನು ಯಂತ್ರಕ್ಕೆ ಬಿಡಬಹುದು. ಮಾತಿಗೆ ತಪ್ಪದಿರುವ ಹೊಣೆಯನ್ನು ಬಿಡಲಾಗದು.