ಬಾಯಿಯೊಳಗಿನ ಪಾದರಸಕ್ಕೆ ಯಾರು ಹೊಣೆ?

2025ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಸಭೆ ಸೇರಿದ್ದ ಮಿನಮಾಟ ಒಪ್ಪಂದದ ಸದಸ್ಯ ರಾಷ್ಟ್ರಗಳು, ಹುಳುಕು ಹಲ್ಲು ತುಂಬಲು ಪಾದರಸದ ಮಿಶ್ರಲೋಹವನ್ನು ಬಳಸುವ ಪದ್ಧತಿಯನ್ನು 2034ರ ವೇಳೆಗೆ ಕೊನೆಗಾಣಿಸಲು ಒಪ್ಪಿಕೊಂಡವು. ಭಾರತವು ಈ ಒಪ್ಪಂದವನ್ನು 2018ರ ಜೂನ್‌ನಲ್ಲಿಯೇ ಅನುಮೋದಿಸಿರುವುದರಿಂದ ಇದು ಯಾವುದೋ ದೂರದೇಶದ ಸುದ್ದಿಯಲ್ಲ. ಆದರೂ ನಮ್ಮಲ್ಲಿ ಇದರ ಬಗ್ಗೆ ಚರ್ಚೆಯಾದದ್ದು ಕಡಿಮೆ.

ಜನ 'ಬೆಳ್ಳಿ ತುಂಬಿಸುವುದು' ಎಂದು ಕರೆಯುವ ಅಮಾಲ್ಗಂನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಇರುವುದು ಪಾದರಸ. ಬೆಳ್ಳಿ, ತವರ, ತಾಮ್ರಗಳು ಉಳಿದರ್ಧವನ್ನು ಹಂಚಿಕೊಳ್ಳುತ್ತವೆ. ಅಗ್ಗ, ಗಟ್ಟಿ, ಜೊಲ್ಲಿನ ಹಸಿಯಲ್ಲೂ ಹಿಡಿದು ನಿಲ್ಲುವಂಥದ್ದು ಎಂಬ ಕಾರಣಗಳಿಂದ ಅದು ನೂರೈವತ್ತು ವರ್ಷಕ್ಕೂ ಮಿಕ್ಕಿ ಬಾಳಿತು. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ಅದನ್ನು ಕೈಬಿಟ್ಟವು. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳ ಹೊರತು, ನಿಷೇಧಿಸಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಮೊದಲು ಕಾಣುವುದು ಹರಿವಿಗೂ ದಾಸ್ತಾನಿಗೂ ಇರುವ ಭೇದ. ನಿಷೇಧವು ಹೊಸದಾಗಿ ಬಾಯಿಗೆ ಸೇರುವ ಪಾದರಸವನ್ನು ತಡೆಯುತ್ತದೆ. ಈಗಾಗಲೇ ಕೋಟ್ಯಂತರ ದವಡೆಗಳಲ್ಲಿ ಕುಳಿತಿರುವ ಪಾದರಸದ ಗತಿಯೇನೆಂಬುದನ್ನು ಅದು ಹೇಳುವುದಿಲ್ಲ. ಆ ದಾಸ್ತಾನು 2034ರ ನಂತರವೂ ದಶಕಗಳ ಕಾಲ ದಂತವೈದ್ಯರ ಕೊರೆಯುವ ಯಂತ್ರದ ಮೂಲಕವೋ ಚಿತಾಗಾರದ ಹೊಗೆಯ ಮೂಲಕವೋ ಹೊರಬರುತ್ತಲೇ ಇರುತ್ತದೆ.

ಹಾಗಾದರೆ ಎಲ್ಲರೂ ಹಳೆಯ ತುಂಬಿಕೆಗಳನ್ನು ಕೂಡಲೇ ಕೀಳಿಸಿಕೊಳ್ಳಬೇಕೇ? ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಮಿನಮಾಟ ಎಂಬ ಹೆಸರು ಕೇಳಿದೊಡನೆ ಬೆಚ್ಚುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜಪಾನಿನ ಆ ಊರಿನಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಕಾರ್ಖಾನೆಯ ಕೊಳಚೆಯಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ದಾಟಿದ ಮೀಥೈಲ್ ಪಾದರಸ. ಹಲ್ಲಿನಲ್ಲಿರುವುದು ಇತರ ಲೋಹಗಳೊಂದಿಗೆ ಬೆಸೆದುಕೊಂಡ ಪಾದರಸ. ಅಗಿಯುವಾಗ, ಹಲ್ಲು ಕಡಿಯುವಾಗ ಅದು ಅತ್ಯಲ್ಪ ಪ್ರಮಾಣದ ಆವಿಯನ್ನು ಬಿಡುತ್ತದೆ, ನಿಜ. ಆದರೆ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದ 534 ಮತ್ತು ಪೋರ್ಚುಗಲ್‌ನ ಲಿಸ್ಬನ್ನಿನ 507 ಮಕ್ಕಳನ್ನು ಹಲವು ವರ್ಷ ಗಮನಿಸಿ 2006ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ, ಅಮಾಲ್ಗಂ ತುಂಬಿಸಿಕೊಂಡವರಿಗೂ ಇತರರಿಗೂ ಬುದ್ಧಿಶಕ್ತಿ, ನರವ್ಯೂಹಗಳ ವಿಷಯದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ನರರೋಗ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಹೊಸದಾಗಿ ಅಮಾಲ್ಗಂ ಹಾಕಿಸಿಕೊಳ್ಳದಿರುವುದು ಲೇಸೆಂದಿತು. ಅದೇ ಸಂಸ್ಥೆ, ಸುಸ್ಥಿತಿಯಲ್ಲಿರುವ ಹಳೆಯ ತುಂಬಿಕೆಯನ್ನು ವೈದ್ಯಕೀಯ ಅಗತ್ಯವಿಲ್ಲದೆ ತೆಗೆಸಬೇಡಿ ಎಂದೂ ಹೇಳಿತು. ತೆಗೆಯುವ ಆ ಹೊತ್ತಿನಲ್ಲಿಯೇ ಆವಿ ಹೆಚ್ಚುತ್ತದೆ. ಜೊತೆಗೆ ಗಟ್ಟಿಯಾದ ಹಲ್ಲಿನ ಭಾಗವೂ ಕಳೆದುಹೋಗುತ್ತದೆ.

ಈ ಎರಡನೆಯ ಮಾತನ್ನು ಹೇಳುವವರು ಕಡಿಮೆ. ನನ್ನ ದವಡೆಯಲ್ಲಿ ಎಪ್ಪತ್ತರ ದಶಕದ ನಾಲ್ಕು ತುಂಬಿಕೆಗಳಿವೆ. ಒಂದರ ಅಂಚು ಬಿರಿದಿತ್ತು. ನಗರದ ಚಿಕಿತ್ಸಾಲಯವೊಂದರಲ್ಲಿ ನಾಲ್ಕನ್ನೂ ಬದಲಾಯಿಸಿ ಬಿಡೋಣವೆಂದು ಸಲಹೆ ಬಂತು, ದರಪಟ್ಟಿಯೂ ಜೊತೆಯಲ್ಲೇ ಬಂತು. ಕೊರೆದು ತೆಗೆದ ಲೋಹ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಸಹಾಯಕಿ ಬೇಸಿನ್ನಿನತ್ತ ಕೈ ತೋರಿದಳು. ಬಿರಿದ ಒಂದನ್ನು ಮಾತ್ರ ಬೇರೆಡೆ ತೆಗೆಸಿಕೊಂಡೆ, ಮೂರು ಇಂದಿಗೂ ಇವೆ.

ಬಿರುಕು ಬಿಟ್ಟಿದ್ದರೆ, ಅಡಿಯಲ್ಲಿ ಮತ್ತೆ ಹುಳುಕು ಹಿಡಿದಿದ್ದರೆ, ಬದಲಾಯಿಸಲೇಬೇಕು. ಆಗ ಕ್ರಮ ಮುಖ್ಯ. ಆ ಹಲ್ಲೊಂದನ್ನು ಬಿಟ್ಟು ಉಳಿದ ಬಾಯಿಯನ್ನು 'ರಬ್ಬರ್ ಡ್ಯಾಂ' ಎಂಬ ತೆಳುಹಾಳೆಯಿಂದ ಮುಚ್ಚಬೇಕು. ಧಾರಾಳವಾಗಿ ನೀರು ಚಿಮ್ಮಿಸುತ್ತ, ಹಲ್ಲಿನ ಬಳಿಯಲ್ಲೇ ಪ್ರಬಲ ಹೀರುಗೊಳವೆ ಇಟ್ಟು, ಲೋಹವನ್ನು ಅರೆದು ಪುಡಿಮಾಡದೆ ಸೀಳಿ ತುಂಡುಗಳಾಗಿ ಎತ್ತಬೇಕು. ಕೋಣೆಗೆ ಗಾಳಿಯಾಡಬೇಕು. ರೋಗಿ ಒಮ್ಮೆ ಇದಕ್ಕೆ ಒಳಗಾದರೆ, ವೈದ್ಯರೂ ಸಹಾಯಕರೂ ದಿನಕ್ಕೆ ಹಲವು ಬಾರಿ ಆ ಗಾಳಿಯನ್ನು ಉಸಿರಾಡುತ್ತಾರೆ ಎಂಬುದನ್ನೂ ಮರೆಯಬಾರದು. ಇದಾವುದಕ್ಕೂ ವಿದೇಶಿ ಯಂತ್ರ ಬೇಕಿಲ್ಲ, ಹೆಚ್ಚುವರಿ ಅರ್ಧ ಗಂಟೆ ಬೇಕು. ವೈದ್ಯರಿಗೆ ಅರ್ಧ ಗಂಟೆಯೆಂದರೆ ಇನ್ನೊಬ್ಬ ರೋಗಿ.

ಕೊಳವೆ ಹೀರಿದ ಚೂರುಗಳ ವಿಷಯದಲ್ಲಿ ನಮ್ಮ ವ್ಯವಸ್ಥೆ ಇನ್ನೂ ದುರ್ಬಲ. ಚೂರುಗಳನ್ನು ಚರಂಡಿಗೆ ಬಿಟ್ಟರೆ ಚಿಕಿತ್ಸಾಲಯಕ್ಕೆ ಒಂದು ಕಾಸೂ ಖರ್ಚಿಲ್ಲ, ಖರ್ಚು ಊರಿನದು. ಒಳಚರಂಡಿ ಸಂಸ್ಕರಣಾ ಘಟಕಗಳು ಜೈವಿಕ ಕೊಳೆಯನ್ನು ಕರಗಿಸುತ್ತವೆಯೇ ಹೊರತು ಭಾರಲೋಹವನ್ನು ನಾಶಮಾಡಲಾರವು. ಅದು ಬಹುಪಾಲು ಕೆಸರಿನಲ್ಲಿ ಕೂರುತ್ತದೆ, ಉಳಿದದ್ದು ನೀರಿನೊಂದಿಗೆ ಸಾಗುತ್ತದೆ. ಕೆರೆಯ ತಳದ ಸೂಕ್ಷ್ಮಜೀವಿಗಳು ಇದೇ ಪಾದರಸವನ್ನು ಮೀನಿಗೆ ಸೇರುವ ಮೀಥೈಲ್ ರೂಪಕ್ಕೆ ಬದಲಾಯಿಸಬಲ್ಲವು. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವಾಗ, ಮೂಲದಲ್ಲಿಯೇ ತಡೆಯಬಹುದಾದ ಲೋಹವನ್ನು ಚರಂಡಿಗೆ ಬಿಡುವುದಕ್ಕೆ ಸಮರ್ಥನೆಯಿಲ್ಲ.

ಅಮೆರಿಕ 2017ರಲ್ಲಿ ನಿಯಮ ಮಾಡಿ, ಅಮಾಲ್ಗಂ ಹಾಕುವ ಅಥವಾ ತೆಗೆಯುವ ಬಹುತೇಕ ದಂತ ಚಿಕಿತ್ಸಾಲಯಗಳು 2020ರ ಜುಲೈಯೊಳಗೆ ಸೆಪರೇಟರ್ ಎಂಬ ಶೋಧಕವನ್ನು ಅಳವಡಿಸಬೇಕೆಂದಿತು. ಇದರಿಂದ ವರ್ಷಕ್ಕೆ 5.1 ಟನ್ ಪಾದರಸ ಚರಂಡಿ ಸೇರುವುದು ತಪ್ಪುವುದೆಂದು ಅಲ್ಲಿನ ಪರಿಸರ ಸಂಸ್ಥೆ ಅಂದಾಜಿಸಿತು. ಐರೋಪ್ಯ ಒಕ್ಕೂಟದಲ್ಲಿ 2019ರಿಂದಲೇ ಇದು ಕಡ್ಡಾಯ. ನಮ್ಮ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ದಂತ ಚಿಕಿತ್ಸಾಲಯಗಳಿಗೂ ಅನ್ವಯಿಸುತ್ತವೆ. ಆದರೆ ಕಡತಗಳ ನಡುವೆ ಬದುಕು ಕಳೆದ ನನಗೆ ಗೊತ್ತು, ಇನ್ಸ್‌ಪೆಕ್ಟರ್ ಕಣ್ಣಿಗೆ ಕಾಣುವ ವಸ್ತುವೊಂದನ್ನು ಹೆಸರಿಸದ ನಿಯಮವು ಪಾಲನೆಯಾಗುವುದು ಅಪರೂಪ. ಪ್ರತಿ ಕುರ್ಚಿಗೂ ಶೋಧಕ, ಅದು ತುಂಬಿದಾಗ ಮರುಬಳಕೆದಾರನಿಗೆ ಕೊಟ್ಟ ರಸೀದಿ, ಇವೆರಡನ್ನು ಪರವಾನಗಿ ನವೀಕರಣಕ್ಕೆ ಕಟ್ಟಿದರೆ ಸಾಕು. ಸಂಗ್ರಹವಾದ ಚೂರುಗಳಲ್ಲಿ ಬೆಳ್ಳಿಯೂ ಇರುವುದರಿಂದ ಕೊಳ್ಳುವವರೂ ದೊರೆತಾರು.

ಚಿತಾಗಾರದ ಪ್ರಶ್ನೆ ಇನ್ನೂ ಸೂಕ್ಷ್ಮ. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದಹನದ ಶಾಖ ಅದಕ್ಕಿಂತ ಬಹಳ ಹೆಚ್ಚು. ವಿದ್ಯುತ್ ಚಿತಾಗಾರಗಳ ಚಿಮಣಿಗೆ ಶೋಧಕ ಅಳವಡಿಸುವ ಮಾತನ್ನು ನಗರಾಡಳಿತಗಳು ಇಂದೇ ಆರಂಭಿಸುವುದು ಯೋಗ್ಯ.

ಪರ್ಯಾಯದ ವೆಚ್ಚವೂ ಹಂಚಿಕೆಯ ಪ್ರಶ್ನೆಯೇ. ಹಲ್ಲಿನ ಬಣ್ಣದ ಕಾಂಪೋಸಿಟ್ ದುಬಾರಿ, ಸಮಯ ಬೇಡುವಂಥದ್ದು, ಹಿಂದಿನ ದವಡೆಯಲ್ಲಿ ಅಮಾಲ್ಗಂಗಿಂತ ಬೇಗ ಕೆಡುವ ಸಂಭವವೂ ಹೆಚ್ಚು. ಗ್ಲಾಸ್ ಅಯಾನೊಮರ್ ಸುಲಭ, ಆದರೆ ಜಗಿಯುವ ಒತ್ತಡಕ್ಕೆ ಅಷ್ಟು ಗಟ್ಟಿಯಲ್ಲ. ಮಧ್ಯಮವರ್ಗ ಈ ವ್ಯತ್ಯಾಸವನ್ನು ಕಿಸೆಯಿಂದ ತುಂಬಿಕೊಳ್ಳುತ್ತದೆ. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಕೂಲಿಕಾರನಿಗೆ ಅಮಾಲ್ಗಂ ಇಲ್ಲವಾದರೆ ಸಿಗುವುದು ಕಾಂಪೋಸಿಟ್ ಅಲ್ಲ, ಹಲ್ಲು ಕೀಳುವ ಇಕ್ಕಳ. 2034ಕ್ಕೆ ಮುನ್ನ ತಾಲ್ಲೂಕು ಆಸ್ಪತ್ರೆಗಳಿಗೆ ಬದಲಿ ಸಾಮಗ್ರಿಯನ್ನೂ ಅದನ್ನು ಗಟ್ಟಿಗೊಳಿಸುವ ದೀಪವನ್ನೂ ಒದಗಿಸಲು ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ಬೇಕು. ದಂತ ಕಾಲೇಜುಗಳು ಹೇರಳವಾಗಿರುವ ಕರ್ನಾಟಕದಲ್ಲಿ ತರಬೇತಿಗೆ ಅಧ್ಯಾಪಕರ ಕೊರತೆಯೆಂದು ಯಾರೂ ಹೇಳಲಾರರು.